ಹಾಡಿನಲ್ಲಿ ಅದು ಹಕ್ಕಿ

ನಾರಿನ್ ಮೇಲಣ ಹಳ್ಳಿ
ಏಪ್ರಿಲ್ ೧೭, ೨೦೧೮

ನನ್ನ ಕುದುರೆಮರಿ ಬೆಗಿಮಾಯ್‌ಗೆ,

ನಿನ್ನ ಅಪ್ಪನನ್ನು ಹೆತ್ತ, ನಿನ್ನ ಮೂಗು ಒರೆಸಿ ಬೆಳೆಸಿದ ಎನೆ ಜೂರಾಕಾನ್ ಮಾಡುವ ಆಶೀರ್ವಾದ. ಜೀವ ಜಾನುವಾರು ಕ್ಷೇಮವೇ ಎಂದು ಮೊದಲಿಗೆ ಕೇಳುವುದು ಪದ್ಧತಿ. ಬಿಷ್ಕೆಕ್‌ನ ಮಹಡಿಯ ಮೇಲೆ ನಿನಗೆ ಜಾನುವಾರು ಎಲ್ಲಿಂದ ಬರಬೇಕು, ಅದಕ್ಕೇ ನಿನ್ನ ಗಂಡ ಎರ್ಮೆಕ್ ಕ್ಷೇಮವೇ ಎಂದು ಕೇಳುತ್ತಿದ್ದೇನೆ. ಇಲ್ಲಿ ಎಲ್ಲವೂ ಸರಿಯಾಗಿದೆ. ಕಪ್ಪು ಹಸು ಕರು ಹಾಕಿತು. ನನ್ನ ಮಂಡಿ ಮಾತ್ರ ಹಳೆಯ ಸೊಸೆಯ ಹಾಗೆ, ಏಳು ಅಂದರೆ ಗೊಣಗುತ್ತದೆ, ಕೂರು ಅಂದರೂ ಗೊಣಗುತ್ತದೆ.

ಫೋನಿನಲ್ಲೇ ಮಾತಾಡಿ ಕಳಿಸಬಹುದಿತ್ತಲ್ಲ ಅನ್ನುತ್ತೀಯ. ಫೋನಿಗೆ ಮಾತಾಡಿದರೆ ಅದು ಅರ್ಧಕ್ಕೆ ನಿಂತುಬಿಡುತ್ತದೆ, ನಾನು ಗೋಡೆಗೆ ಬುದ್ಧಿ ಹೇಳಿದ ಹಾಗಾಗುತ್ತದೆ. ಕಾಗದ ನನ್ನ ಬಾಯಿಗೆ ಅಡ್ಡ ಬರುವುದಿಲ್ಲ. ನಾಲ್ಕು ತರಗತಿ ಓದಿದವಳ ಅಕ್ಷರ, ಬಾಗಿಲು ತೆಗೆದಾಗ ನುಗ್ಗುವ ಕುರಿಗಳ ಹಾಗೆ ಒಂದರ ಮೇಲೊಂದು ಬಿದ್ದಿರುತ್ತದೆ. ನಿಧಾನವಾಗಿ ಬಿಡಿಸಿಕೊಂಡು ಓದು. ಬಿಷ್ಕೆಕ್‌ಗೆ ವ್ಯಾನು ಓಡಿಸುವ ಮಾಮಿರ್‌ನ ಕೈಯಲ್ಲಿ ಇದನ್ನೂ ಒಂದಿಷ್ಟು ಬೆಣ್ಣೆಯನ್ನೂ ಕಳಿಸುತ್ತೇನೆ. ಬೆಣ್ಣೆ ಪೂರ್ತಿ ಬಂತೋ ಇಲ್ಲವೋ ನೋಡಿಕೊ. ಮಾಮಿರ್ ಒಳ್ಳೆಯವನು, ಆದರೆ ಅವನಿಗೂ ಬ್ರೆಡ್ಡು ಸಿಗುತ್ತದೆ.

ನೀನು ಕೇಳಿದ್ದು ಇಷ್ಟು: "ಎನೆ, ನನ್ನ ಆಲ್ಬಮ್ ಜೊತೆ ಒಂದು ಚಿಕ್ಕ ಪುಸ್ತಕ ಅಚ್ಚು ಮಾಡ್ತೀವಿ. ಅದರಲ್ಲಿ ನಿಮಗೆ ಇಷ್ಟವಾದ ಸಿನಿಮಾ ಯಾವುದು, ಇಷ್ಟವಾದ ಕ್ಯಾಸೆಟ್ ಯಾವುದು ಅಂತ ಹಾಕಬೇಕು. ಮನಸ್ಸಿಗೆ ಬಂದದ್ದನ್ನ ಬರೆದು ಕಳಿಸಿ." ನೀನು ಕೇಳದೇ ಬಿಟ್ಟದ್ದು ಬೇರೆ ಇದೆ. ಅದನ್ನು ನಿನ್ನ ಗಂಡ ಹೇಳಿದ. ಈ ತಿಂಗಳ ಕೊನೆಗೆ ಹಾಡುಗಳನ್ನೆಲ್ಲ ಧ್ವನಿ ಹಿಡಿಯುವವರ ಕೈಗೆ ಕೊಟ್ಟುಬಿಡಬೇಕಂತೆ. ಆರನೇ ಹಾಡನ್ನು ನೀನು ಕಿತ್ತು ಹಾಕಿದೆಯಂತೆ. ಅದಿಲ್ಲದಿದ್ದರೆ ಉಳಿದದ್ದೂ ಬೇಡ ಎಂದು ಮುಖ ಊದಿಸಿಕೊಂಡು ಕೂತಿದ್ದೀಯಂತೆ. ಎರ್ಮೆಕ್‌ನನ್ನು ಬಯ್ಯಬೇಡ. ಹೆಂಡತಿ ಊಟ ಬಿಟ್ಟರೆ ಗಂಡ ಯಾರಿಗಾದರೂ ಹೇಳಬೇಕಲ್ಲ, ಪುಣ್ಯಕ್ಕೆ ನನಗೆ ಹೇಳಿದ.

ಮೊದಲು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಆಮೇಲೆ ಕೇಳದ್ದಕ್ಕೆ.

ನಾನು ನೋಡಿದ ಸಿನಿಮಾಗಳಲ್ಲೆಲ್ಲ ದೊಡ್ಡದು 'ಕಳೆದುಹೋದ ಬಳೆ'. ಹಿಂದೂಸ್ತಾನದ ಚಿತ್ರ. ಇಬ್ಬರು ಅಕ್ಕತಂಗಿಯರು ಜಾತ್ರೆಯಲ್ಲಿ ತಪ್ಪಿಹೋಗುತ್ತಾರೆ, ಒಬ್ಬಳು ನ್ಯಾಯಾಧೀಶನ ಮನೆಯಲ್ಲಿ ಬೆಳೆಯುತ್ತಾಳೆ, ಒಬ್ಬಳು ಕಳ್ಳರ ಮನೆಯಲ್ಲಿ. ಸಾಮೂಹಿಕ ಬೇಸಾಯದ ಕಾಲದಲ್ಲಿ ಅದು ನಮ್ಮ ಊರಿನ ಕ್ಲಬ್ಬಿಗೆ ಬಂತು. ಪರದೆಯಲ್ಲಿ ಹಿಂದೂಸ್ತಾನದವರು ಬಾಯಿ ಆಡಿಸುತ್ತಾರೆ, ಮೇಲಿನಿಂದ ಒಬ್ಬನೇ ಗಂಡಸು ರಷ್ಯನ್ ಭಾಷೆಯಲ್ಲಿ ಎಲ್ಲರ ಮಾತನ್ನೂ ಹೇಳುತ್ತಾನೆ, ತಾಯಿಯದೂ ಮಗುವಿನದೂ. ನಮಗೆ ಅದೂ ಅರ್ಥವಾಗದು ಎಂದು ಕ್ಲಬ್ಬಿನ ಕೋಜೊಮ್‌ಕುಲ್ ಪರದೆಯ ಪಕ್ಕ ನಿಂತು ಕಿರ್ಗೀಜಿನಲ್ಲಿ ಕೂಗುತ್ತಿದ್ದ. ಆ ಹುಡುಗಿ ಮಳೆಯಲ್ಲಿ ನಿಂತು ಎದೆ ಬಡಿದುಕೊಂಡು ಅತ್ತೂ ಅತ್ತೂ ಏನೇನೋ ಹೇಳಿದಳು. ಕೋಜೊಮ್‌ಕುಲ್ ನಮ್ಮ ಕಡೆ ತಿರುಗಿ, "ಬೇಜಾರಾಗಿದೆಯಂತೆ" ಅಂದ. ಹೆಂಗಸರೆಲ್ಲ ಬೂಟು ಬಿಚ್ಚಿ ಅವನ ಕಡೆ ಎಸೆದೆವು. ಆವತ್ತಿನಿಂದ ಹಾಡು ಬಂದಾಗ ಅವನು ಬಾಯಿ ಬಿಡಲಿಲ್ಲ. ಹಾಡಿಗೆ ಅರ್ಥ ಹೇಳುವವನು ಬೇಡ, ಅದು ಆವತ್ತೇ ನಮಗೆ ಗೊತ್ತಾಯಿತು. ನಿನ್ನ ಅಪ್ಪ ಆಗ ನನ್ನ ಹೊಟ್ಟೆಯಲ್ಲಿದ್ದ. ಅವನು ಈಗಲೂ ಸುಮ್ಮಸುಮ್ಮನೆ ಕಣ್ಣಲ್ಲಿ ನೀರು ಹಾಕುತ್ತಾನಲ್ಲ, ಅದು ಆ ಸಿನಿಮಾದ ಋಣ.

ಎರಡನೆಯದು ಯುದ್ಧದ ಚಿತ್ರ. ಅದರ ಹೆಸರು ಬರೆಯಲಾರೆ. ಕುದುರೆಯ ಕಾಲಿಗೆ ಬಡಿಯುವ ಲಾಳ ಯಾವುದರಿಂದ ಮಾಡುತ್ತಾರೋ ಅದೇ ನನ್ನ ಮಾವನವರ ಹೆಸರು. ಅವರು ಮಣ್ಣಾಗಿ ಎಷ್ಟು ಕಾಲವಾದರೂ ನನ್ನ ನಾಲಿಗೆ ಅದರ ಮೇಲೆ ಹೊರಳಲು ಒಪ್ಪದು. ಆ ಚಿತ್ರ ಅಂಥದೊಂದು ಸೇತುವೆಯ ಕಥೆ. ನಾನು ನೋಡಿ ಬಂದು ಪಕ್ಕದ ಮನೆಯ ಸೈರಾಗೆ, "ಆ ಲಾಳದ ಸೇತುವೆ ತಪ್ಪದೆ ನೋಡು" ಅಂದೆ. ಅವಳು ಪೇಟೆಗೆ ಹೋಗಿ ಕುದುರೆಯ ಚಿತ್ರ ಯಾವುದು ಅಂತ ವಿಚಾರಿಸಿ, ಸರ್ಕಸ್ಸಿನ ಕುದುರೆಯ ಸಿನಿಮಾ ನೋಡಿ ಬಂದಳು. ಬಂದವಳು, "ಸೇತುವೆ ಎಲ್ಲಿತ್ತೇ ಅದ್ರಲ್ಲಿ, ಕುದುರೆ ಬೆಂಕಿ ಬಳೆಯೊಳಗೆ ಹಾರ್ತು ಅಷ್ಟೇ" ಎಂದು ನನ್ನ ಮೇಲೆ ಜಗಳಕ್ಕೆ ಬಂದಳು. ಪುಸ್ತಕದಲ್ಲಿ ಈ ಸಿನಿಮಾದ ಹೆಸರನ್ನು ನೀನೇ ಹಾಕು. ಆ ಹೆಸರು ನಿನಗೆ ಮುತ್ತಜ್ಜನದು, ಸೊಸೆಯ ಕಟ್ಟು ನಿನ್ನ ಬಾಯಿಗಿಲ್ಲ. ಸಿನಿಮಾದ ಬಗ್ಗೆ ನನ್ನ ಅಭಿಪ್ರಾಯ: ಎಲ್ಲರೂ ಸಾಯುವುದು ಸ್ವಲ್ಪ ಹೆಚ್ಚಾಯಿತು. ಅಡುಗೆಯವನನ್ನಾದರೂ ಉಳಿಸಬಹುದಿತ್ತು.

'ಗಾಳಿಯ ಮನೆ' ಅಂತ ಒಂದನ್ನು ನಮ್ಮ ಮೇಲಿನ ಹುಲ್ಲುಗಾವಲಿನಲ್ಲೇ ತೆಗೆದರು. ಮಾತೇ ಇಲ್ಲ. ಒಂದು ಕುದುರೆಯ ಮುಖವನ್ನು ಎಷ್ಟು ಹೊತ್ತು ತೋರಿಸಿದರು ಅಂದರೆ ಅಷ್ಟರಲ್ಲಿ ನಾನು ಒಂದು ಚೀಲ ಕುದುರೆ ಹಾಲು ಕಡೆದು ಮುಗಿಸುತ್ತಿದ್ದೆ. ಆಗ ಬಯ್ದೆ. ಈಗ ಅದು ಟಿವಿಯಲ್ಲಿ ಬಂದರೆ ಚಹಾ ಆರಿದರೂ ಏಳುವುದಿಲ್ಲ. ವಯಸ್ಸಾದ ಮೇಲೆ ಕುದುರೆಯ ಮುಖದಲ್ಲಿ ನೋಡುವುದಕ್ಕೆ ಬಹಳ ಇರುತ್ತದೆ. ನಿಮ್ಮ ಬಿಷ್ಕೆಕ್‌ನವರು ಈಗ ತೆಗೆಯುವ ನಗೆಚಿತ್ರಗಳನ್ನು ಮಾತ್ರ ನನ್ನ ಹೆಸರಿನ ಪಕ್ಕ ಅಚ್ಚು ಹಾಕಬೇಡ. ಪ್ರತಿಯೊಂದರಲ್ಲೂ ಒಬ್ಬಳು ಅತ್ತೆ ಸೌಟು ಹಿಡಿದು ಓಡುತ್ತಾಳೆ. ಅತ್ತೆ ಅನ್ನುವವಳಿಗೆ ಓಡುವ ಮಂಡಿ ಇರುತ್ತದೆಯೇ? ಅವಳು ಕೂತಲ್ಲೇ ಎಲ್ಲ ಮಾಡುತ್ತಾಳೆ.

ಕ್ಯಾಸೆಟ್ಟಿಗೆ ಬರುತ್ತೇನೆ. ಸಗಿನ್‌ಬೆಕ್ ಅಂತ ಒಬ್ಬ ಲಾರಿ ಡ್ರೈವರು ಹಾಡಿದ 'ಕಣಿವೆ ದಾಟಿ'. ಒಂದನೇ ಬದಿ ಬೇಡ, ಅದರಲ್ಲಿ ಅವನು ಚೆನ್ನಾಗಿ ಹಾಡಬೇಕು ಎಂದು ಹಾಡುತ್ತಾನೆ. ಎರಡನೇ ಬದಿಯಲ್ಲಿ ಸುಸ್ತಾಗಿದ್ದಾನೆ, ಅಲ್ಲಿಂದ ಹಾಡು ಶುರುವಾಗುತ್ತದೆ. ನಿಮ್ಮ ಅಜ್ಜ ಅದನ್ನು ಟ್ರ್ಯಾಕ್ಟರಿನಲ್ಲಿ ಹಾಕಿ ಹಾಕಿ ಟೇಪನ್ನು ಯಂತ್ರ ತಿಂದುಬಿಟ್ಟಿತು. ನಿನ್ನ ಸೋದರತ್ತೆ ಉಗುರಿಗೆ ಹಚ್ಚುವ ಬಣ್ಣದಿಂದ ಅಂಟಿಸಿ ಮತ್ತೆ ಹಾಕಿದರು. ಅದಾದ ಮೇಲೆ ಆ ಜಾಗಕ್ಕೆ ಬಂದಾಗ ಸಗಿನ್‌ಬೆಕ್ ಒಂದು ಮಾತು ನುಂಗುತ್ತಿದ್ದ. ಆ ನುಂಗುವಿಕೆಯೂ ಹಾಡಿನದೇ ಎಂದು ನಿನ್ನ ಅಪ್ಪ ಮದುವೆ ಮನೆಗಳಲ್ಲಿ ಹಾಗೇ ನುಂಗಿ ಹಾಡುತ್ತಿದ್ದ.

ಇನ್ನೊಂದು 'ಒಂಟಿ ಗೂಟ'. ಮೂರು ತಂತಿಯ ಕೋಮುಜ್ ನುಡಿಸಿಕೊಂಡು ಒಬ್ಬ ವಿಧವೆ ತನ್ನ ಅಡುಗೆಮನೆಯಲ್ಲಿ ಹಾಡಿದ್ದು. ನಡುವೆ ಕೆಟಲ್ ಕುದಿಯುವುದು ಕೇಳುತ್ತದೆ. ಅವಳು ಹಾಡು ನಿಲ್ಲಿಸುವುದಿಲ್ಲ, ಎದ್ದು ಹೋಗಿ ಕೆಟಲ್ ಇಳಿಸುತ್ತಾಳೆ, ದನಿ ಸ್ವಲ್ಪ ದೂರ ಹೋಗಿ ಮತ್ತೆ ಹತ್ತಿರ ಬರುತ್ತದೆ. ನನಗೆ ಅದಕ್ಕಿಂತ ಒಳ್ಳೆಯ ಜಾಗ ಯಾವ ಕ್ಯಾಸೆಟ್ಟಿನಲ್ಲೂ ಸಿಕ್ಕಿಲ್ಲ. ನಿಮ್ಮ ಧ್ವನಿ ಹಿಡಿಯುವ ಹುಡುಗರಾದರೆ ಆ ಕೆಟಲನ್ನು ಅಳಿಸಿ, ಅದರ ಜಾಗದಲ್ಲಿ ಢೋಲು ಇಟ್ಟುಬಿಡುತ್ತಿದ್ದರು.

ಕೇಳಿದ್ದಕ್ಕೆ ಉತ್ತರ ಇಲ್ಲಿಗೆ ಮುಗಿಯಿತು. ಈಗ ನಿನ್ನ ಆಲ್ಬಮ್. ನೀನು ನನಗೆ ಕಳಿಸಲಿಲ್ಲ, ಎರ್ಮೆಕ್ ಕಳಿಸಿದ. ಫೋನಿನಲ್ಲಿ ತ್ರಿಕೋನ ಒತ್ತಿದರೆ ಹಾಡುತ್ತದೆ ಎಂದು ಅವನೇ ಹೇಳಿಕೊಟ್ಟ. ಎಲ್ಲವನ್ನೂ ಕೇಳಿದ್ದೇನೆ, ಹಾಲು ಕರೆಯುವಾಗ, ಹಿಟ್ಟು ನಾದುವಾಗ. ಸುಮ್ಮನೆ ಕೂತು ಕೇಳಿದರೆ ಎಲ್ಲ ಹಾಡೂ ಚೆನ್ನಾಗಿರುತ್ತದೆ, ಕೆಲಸ ಮಾಡುತ್ತ ಕೇಳಿದಾಗಲೇ ಅದರ ನಿಜ ಗೊತ್ತಾಗುವುದು.

ಮೊದಲ ಹಾಡಿನಲ್ಲಿ ಗದ್ದಲ ಜಾಸ್ತಿ. ಅತಿಥಿ ಬಂದು ಕೂರುವ ಮೊದಲೇ ತಟ್ಟೆಗಳನ್ನು ಕುಟ್ಟಿದ ಹಾಗೆ. ಮೊದಲು ಬ್ರೆಡ್ಡು, ಆಮೇಲೆ ಚಹಾ, ಮಾಂಸ ಹಿಂದಿನಿಂದ ಬರಬೇಕು ಎಂದು ನಿನಗೆ ಊಟದ ಹಾಸು ಹಾಸುವುದನ್ನು ಕಲಿಸಿದವಳು ನಾನೇ, ಹಾಡಿಗೂ ಅದೇ ಕ್ರಮ. ಎರಡನೆಯದನ್ನು ಮುಂದಕ್ಕೆ ತಾ. ಮೂರನೆಯದು ಚೆಂದ. ನಾಲ್ಕನೆಯದರಲ್ಲಿ ಪ್ರೀತಿ ಪ್ರೀತಿ ಎಂದು ಬಹಳ ಸಲ ಅನ್ನುತ್ತೀಯ, ಪ್ರೀತಿ ಇರುವವರು ಅಷ್ಟು ಅನ್ನುವುದಿಲ್ಲ. ಐದನೆಯದನ್ನು ಕೇಳಿ ಕಪ್ಪು ಹಸು ಹಾಲು ಹೆಚ್ಚು ಬಿಟ್ಟಿತು, ಅದು ನನ್ನ ಅಭಿಪ್ರಾಯವಲ್ಲ, ಅದರದ್ದು.

ಆರನೇ ಹಾಡು ಎರಡು ರೂಪದಲ್ಲಿ ಬಂದಿದೆ. ಒಂದು ನೀನು ಮದುವೆಗೆ ಮುಂಚೆ ಹಾಡಿದ್ದು. ಇನ್ನೊಂದು ಈಗ ಹಾಡಿ, ಕಿತ್ತು ಹಾಕಿದ್ದು. ಹಳೆಯದರಲ್ಲಿ, "ಶುಮ್ಕಾರ್, ಶುಮ್ಕಾರ್, ಬೆಟ್ಟ ಕಪ್ಪಾಗುವ ಮೊದಲು ಬಾ, ನನ್ನ ಕೈ ಖಾಲಿ ಇದೆ" ಎಂದು ಕೈ ಮೇಲೆ ಕೂರುವ ಬೇಟೆಯ ಗಿಡುಗವನ್ನು ಕರೆಯುತ್ತೀಯ. ಹೊಸದರಲ್ಲಿ ಆ ಹೆಸರಿನ ಜಾಗಕ್ಕೆ ಬಿಳಿ ಹಕ್ಕಿ, ಅಕ್ ಕುಶ್, ಅಂತ ಹಾಕಿದ್ದೀಯ. ಬೆಗಿಮಾಯ್, ಆ ಹಾಡನ್ನು ನೀನು ನಮ್ಮ ಮೇಲಿನ ಹುಲ್ಲುಗಾವಲಿನಲ್ಲಿ ಕಟ್ಟಿದಾಗ ನಾನು ಪಕ್ಕದಲ್ಲೇ ಉಣ್ಣೆ ಹಿಂಜುತ್ತಿದ್ದೆ. ಶುಮ್ ಅನ್ನುವಾಗ ತುಟಿ ಮುಚ್ಚುತ್ತದೆ, ಕಾರ್ ಅನ್ನುವಾಗ ಬಾಯಿ ಪೂರ್ತಿ ತೆರೆಯುತ್ತದೆ, ಹಕ್ಕಿ ರೆಕ್ಕೆ ಮಡಿಸಿ ಬಿಚ್ಚಿದ ಹಾಗೆ. ಕುಶ್ ಕುಶ್ ಅಂದರೆ ಏನಾಗುತ್ತದೆ? ಕೋಳಿ ಓಡಿಸಿದ ಹಾಗಾಗುತ್ತದೆ. ಯಾವ ಹಕ್ಕಿ ಕೈಗೆ ಬಂದೀತು? ಧ್ವನಿ ಹಿಡಿಯುವವನು ಹಾಡು ಸತ್ತಿದೆ ಅಂದನಂತೆ. ಅವನು ಢೋಲಿನವನಾದರೂ ಅವನ ಕಿವಿ ಇನ್ನೂ ಬದುಕಿದೆ.

ಯಾಕೆ ಬದಲಾಯಿಸಿದೆ ಎಂದು ನನಗೆ ಹೇಳಿಕೊಡಬೇಕಾಗಿಲ್ಲ. ಇಷ್ಟು ದೊಡ್ಡ ದೇಶದಲ್ಲಿ ಎಷ್ಟೋ ಗಂಡು ಹುಡುಗರಿದ್ದಾರೆ, ನೀನು ಹುಡುಕಿ ಹುಡುಕಿ ಆ ಹಕ್ಕಿಯ ಹೆಸರೇ ಇರುವ ಶುಮ್ಕಾರ್ ಎಂಬುವವನ ಮಗನನ್ನೇ ಮೆಚ್ಚಿದೆ. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಆಡಬಾರದು, ಇನ್ನು ರೇಡಿಯೋದಲ್ಲಿ ಹಾಡುವುದು ಹೇಗೆ? ನಿನ್ನ ಅತ್ತೆ ತಾಜಿಗುಲ್ ಕೂಡದು ಅಂದಳು, ನೀನು ತಲೆ ಬಗ್ಗಿಸಿದೆ. ತಲೆ ಬಗ್ಗಿಸಿದ್ದು ತಪ್ಪಲ್ಲ, ನನ್ನ ಮೊಮ್ಮಗಳು ಅತ್ತೆಗೆ ಎದುರಾಡಿದಳು ಅನ್ನಿಸಿಕೊಳ್ಳುವುದಕ್ಕಿಂತ ಅದು ಮೇಲು. ಆದರೆ ಯಾರ ಹೆಸರೋ ಅವರನ್ನು ಯಾರಾದರೂ ಒಂದು ಮಾತು ಕೇಳಿದಿರಾ? ನೀನು ಕೇಳುವಂತಿಲ್ಲ, ಹೊಸ ಸೊಸೆ. ಎರ್ಮೆಕ್‌ಗೆ ಅಪ್ಪನ ಮುಂದೆ ಬಾಯಿ ತೆರೆಯಲು ನಾಚಿಕೆ. ತಾಜಿಗುಲ್ ತಾನೇ ಉತ್ತರ ಇಟ್ಟುಕೊಂಡವಳು, ಅವಳೇಕೆ ಕೇಳುತ್ತಾಳೆ?

ಅದಕ್ಕೇ ಹಿಂದಿನ ಗುರುವಾರ ನಾನು ಕೋಚ್ಕೋರ್‌ಗೆ ಹೋಗಿದ್ದೆ. ಹಲ್ಲು ತೋರಿಸಿಕೊಳ್ಳಲು ಪೇಟೆಗೆ ಹೋಗುತ್ತೇನೆ ಎಂದು ನಿನಗೆ ಹೇಳಿದೆನಲ್ಲ, ಇರುವ ಹಲ್ಲನ್ನು ಬೀಗರಿಗೇ ತೋರಿಸಿ ಬಂದೆ. ಈಗ ಕಾಗದ ಕೆಳಗಿಟ್ಟು ಎರ್ಮೆಕ್ ಮೇಲೆ ಕೂಗಾಡಬೇಡ, ಮುಂದೆ ಓದು.

ದೊಲೊನ್ ಘಟ್ಟದಲ್ಲಿ ಇನ್ನೂ ಹಿಮ ಇತ್ತು. ಬುಟ್ಟಿ ತುಂಬ ಬೋರ್ಸೋಕ್, ಹಿಟ್ಟಿನ ತುಂಡು ಕರಿದದ್ದು, ತುಂಬಿಕೊಂಡು ಹೋದೆ, ಖಾಲಿ ಕೈಯಲ್ಲಿ ಹೋಗಿ ದೊಡ್ಡ ಮಾತಾಡಿದರೆ ಯಾರೂ ಕೇಳುವುದಿಲ್ಲ. ತಾಜಿಗುಲ್ ಅಂಗಳದಲ್ಲೇ ಎದುರಾದಳು.

"ಬನ್ನಿ ಬೀಗಿತ್ತಿ, ಈ ಬೋರ್ಸೋಕ್ ಇಷ್ಟು ಮೃದುವಾಗಿದೆಯಲ್ಲ, ಹಲ್ಲಿಲ್ಲದವರಿಗೆ ಮಾಡಿದ್ದಾ?" ಅಂದಳು.

"ನಿಮ್ಮ ಮನೆ ಚಹಾದಲ್ಲಿ ಹೇಗೂ ಅದ್ದಬೇಕಲ್ಲ ತಾಜಿಗುಲ್, ಚಹಾ ಅಷ್ಟು ತೆಳ್ಳಗಿರುತ್ತೆ, ಗಟ್ಟಿ ಇದ್ದರೆ ನೆನೆಯಲ್ಲ" ಅಂದೆ.

ಅವಳು ನಕ್ಕಳು. ಚಹಾ ದಪ್ಪಗೇ ಮಾಡಿದಳು, ಅದನ್ನು ಒಪ್ಪಿಕೊಳ್ಳಬೇಕು. ಹಾಸಿನ ತಲೆಯ ಕಡೆಯ ಗೌರವದ ಜಾಗ ನನಗೇ ಬಿಟ್ಟಳು. ಕುರಿ ಮರಿ ಹಾಕುವ ಕಾಲ, ನಿನ್ನ ಮಾವ ಕೊಟ್ಟಿಗೆಯಲ್ಲಿದ್ದರು. ತಾಜಿಗುಲ್ ಬಾಗಿಲಿಗೆ ಹೋಗಿ, "ಎರ್ಮೆಕ್‌ನ ಅಪ್ಪ, ಬೀಗಿತ್ತಿ ಬಂದಿದ್ದಾರೆ" ಎಂದು ಕೂಗಿದಳು. ಅವರು ಕೈ ತೊಳೆದುಕೊಂಡು ಒಳಗೆ ಬಂದು ಬಾಗಿಲ ಹತ್ತಿರವೇ ನಿಂತರು. ನನಗಿಂತ ಚಿಕ್ಕವರು, ನನಗೆ ಅವರು ಮಾವನೂ ಅಲ್ಲ ಮೈದುನನೂ ಅಲ್ಲ. ಬೇಕೆಂದೇ ಅಂದೆ:

"ಬಾ ಶುಮ್ಕಾರ್, ಕೂತ್ಕೋ. ನಿನ್ನ ಹತ್ರ ಒಂದು ಮಾತಿದೆ."

ತಾಜಿಗುಲ್ ಚಹಾದ ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದಳು. ನಿನ್ನ ಮಾವ ಕೂರಲಿಲ್ಲ, ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದರು. ಆಮೇಲೆ ನಿಧಾನವಾಗಿ ಬಂದು ಕೂತರು.

ನಾನು ಸುತ್ತು ಬಳಸಲಿಲ್ಲ. ಫೋನು ತೆಗೆದು ಹಾಸಿನ ಮೇಲೆ, ಬ್ರೆಡ್ಡಿನ ಪಕ್ಕ ಇಟ್ಟು, ಹೊಸ ಹಾಡಿನ ತ್ರಿಕೋನ ಒತ್ತಿದೆ. ಬಿಳಿ ಹಕ್ಕಿ ಎಂದು ಬಂದಾಗ ಅವರು ತಲೆ ಎತ್ತಲಿಲ್ಲ.

"ಇದನ್ನ ಕೇಳಿದೀನಿ," ಅಂದರು. "ಎರ್ಮೆಕ್ ಚಳಿಗಾಲದಲ್ಲಿ ಹಾಕಿದ್ದ. ಮುಂಚೆ ಹೀಗಿರ್ಲಿಲ್ಲ. ಹುಡುಗರ ನಿಶ್ಚಯಕ್ಕೆ ಮುಂಚೆ, ಕುದುರೆ ಪಂದ್ಯದ ದಿವ್ಸ ಆ ಮಗು ಮೈದಾನದಲ್ಲಿ ಹಾಡಿತ್ತು. ಆಗ ನನ್ನ ಹೆಸರಿತ್ತು. ಇವನು ಮೆಚ್ಚಿದ ಹುಡುಗಿ ಇವಳೇ ಅಂತ ಗೊತ್ತಾದಾಗ ಅದಕ್ಕೇ ನಾನು ಬೇರೆ ಏನೂ ವಿಚಾರಿಸಲಿಲ್ಲ." ಬ್ರೆಡ್ಡಿನ ಚೂರುಗಳನ್ನು ಒಟ್ಟು ಮಾಡಿದರು. "ಬೀಗಿತ್ತಿ, ನೀವೇ ಬಂದಿದೀರಿ, ಕೇಳ್ತೀನಿ. ಮದುವೆಯಾಗಿ ನಮ್ಮನೆಗೆ ಬಂದ್ಮೇಲೆ ಹಾಡಿಂದ ನನ್ನನ್ನ ತೆಗೆದುಹಾಕಿದ್ಲಲ್ಲ, ನಾನು ಅವಳಿಗೆ ಏನು ಮಾಡ್ದೆ?"

ನೋಡಿದೆಯಾ. ನೀವೆಲ್ಲ ಅವರ ಮರ್ಯಾದೆಗೆ ಎಂದು ಬಾಯಿ ಮುಚ್ಚಿದಿರಿ. ಅವರು ಚಳಿಗಾಲ ಪೂರ್ತಿ ಸೊಸೆಗೆ ತನ್ನ ಮೇಲೆ ಕೋಪ ಎಂದುಕೊಂಡು ಕುರಿ ಮೇಯಿಸಿದ್ದಾರೆ.

"ನಿಮ್ಮ ಗೌರವಕ್ಕೇ ಅಲ್ವಾ ತೆಗೆದದ್ದು," ಅಂದಳು ತಾಜಿಗುಲ್. "ನಾನೇ ತೆಗೆಸಿದ್ದು. ಮದುವೆ ಮನೆಗಳಲ್ಲಿ ಕುಡಿದವರೆಲ್ಲ ನಿಮ್ಮ ಹೆಸರನ್ನ ಕೂಗಿ ಕುಣೀಬೇಕಾ?"

"ಕೂಗ್ಲಿ," ಅಂದರು.

"ಕೂಗ್ಲಿ ಅಂತೆ."

"ಕೂಗೋರು ಯಾರಿದಾರೆ ಈಗ?" ಅಂದರು. ದನಿ ಏರಿಸಲಿಲ್ಲ, ಮನೆಗೆ ಉಪ್ಪಿದೆಯೇ ಎಂದು ಕೇಳುವ ಹಾಗೆ ಕೇಳಿದರು. "ಅಮ್ಮ ಕರೀತಿದ್ಲು. ಸಂಜೆ ಆದ್ರೆ ಗುಡಾರದ ಬಾಗಿಲಲ್ಲಿ ನಿಂತು ಕರೀತಿದ್ಲು. ಅವಳು ಹೋದ್ಲು. ಅಣ್ಣ ಕರೀತಿದ್ದ, ಅವನೂ ಹೋದ. ನೀನು ಎರ್ಮೆಕ್‌ನ ಅಪ್ಪ ಅಂತೀಯ. ಊರಿನವರು ಬಿಳಿಗಡ್ಡದವರೇ ಅಂತಾರೆ. ಪಿಂಚಣಿ ಕಚೇರಿ ಹುಡುಗಿ ತಾತ ಅಂತಾಳೆ. ಈವತ್ತು ಬೀಗಿತ್ತಿ ಕರೆದಾಗ, ಇಲ್ಲಿ ಇನ್ಯಾರೋ ಶುಮ್ಕಾರ್ ಇದ್ದಾನೇನೋ ಅಂದ್ಕೊಂಡೆ."

ಒಲೆಯಲ್ಲಿ ಸಗಣಿ ಬೆರಣಿಯ ಹೊಗೆ ಜಾಸ್ತಿ ಇತ್ತು, ನನ್ನ ಕಣ್ಣು ಉರಿಯಿತು. ಹಳೆಯ ಹಾಡು ಹಾಕಿ ಅಂದರು. ಹಾಕಿದೆ. ಇನ್ನೊಮ್ಮೆ ಅಂದರು. ಇನ್ನೊಮ್ಮೆ ಹಾಕಿದೆ. ಆಮೇಲೆ ಎರಡೂ ಅಂಗೈ ಮೇಲೆತ್ತಿ ಹರಸಿದರು. ಸೊಸೆಯ ದಾರಿ ಬೆಳಕಾಗಲಿ, ಅವಳ ಗಂಟಲಿಗೆ ಯಾರೂ ಅಡ್ಡ ಬಾರದಿರಲಿ, ನಾನೂ ಬಾರದಿರಲಿ ಅಂದರು. ಮುಖ ಸವರಿಕೊಂಡು, ಕುರಿ ನೋಡಬೇಕು ಎಂದು ಹೊರಟರು. ಹೊಸ್ತಿಲಲ್ಲಿ ನಿಂತು ನನ್ನ ಕಡೆ ತಿರುಗಿ, "ಆ ಮಗುಗೆ ಹೇಳಿ, ನನಗೆ ಕೋಪ ಇಲ್ಲ. ಅವಳಿಗೂ ಇಲ್ಲದಿದ್ದರೆ ಸಾಕು" ಅಂದರು.

ಇಲ್ಲಿಗೆ ನಿಲ್ಲಿಸಿದರೆ ನನ್ನ ಕಾಗದ ಆ ಹಿಂದೂಸ್ತಾನದ ಚಿತ್ರದ ಹಾಗೆ ಸೊಗಸಾಗಿ ಮುಗಿಯುತ್ತದೆ. ಆದರೆ ನಿನಗೆ ಸುಳ್ಳು ಹೇಳಲಾರೆ. ತಾಜಿಗುಲ್ ಒಪ್ಪಲಿಲ್ಲ.

ಗಂಡ ಹೋದ ಮೇಲೆ ಅವಳು ಬಟ್ಟಲು ತೊಳೆಯಲು ಕೂತಳು. ತೊಳೆದದ್ದನ್ನೇ ತೊಳೆದಳು. ಆಮೇಲೆ ನನ್ನ ಕಡೆ ನೋಡದೆ ಅಂದಳು: "ಬೀಗಿತ್ತಿ, ಹದಿನೆಂಟು ವರ್ಷದ ಹುಡುಗಿಯಾಗಿ ಈ ಮನೆಗೆ ಬಂದೆ. ಆವತ್ತಿಂದ ಅವರ ಹೆಸರನ್ನ ಒಂದು ಸಲ ಬಾಯಲ್ಲಿ ಆಡಿಲ್ಲ. ಕುರಿ ಜೊತೆ ಒಬ್ಬಳೇ ಇದ್ದಾಗ್ಲೂ ಆಡಿಲ್ಲ. ಹೆರಿಗೆ ನೋವಲ್ಲೂ ಆಡಿಲ್ಲ. ಇವಳು ನಿನ್ನೆ ಮೊನ್ನೆ ಬಂದವಳು, ಮೈಕ್ ಮುಂದೆ ನಿಂತು ಹಾಡಿಬಿಡ್ತಾಳೆ, ಅವರು ಹರಸಿಬಿಡ್ತಾರೆ. ಹಾಗಾದ್ರೆ ನಾನು ಇಷ್ಟು ದಿನ ಮಾಡಿದ್ದು ಏನು?"

ಅವಳು ಮಾಡಿದ್ದನ್ನೇ ನಾನೂ ಮಾಡಿದವಳು ಮಗಳೇ. ಬಟ್ಟಲು ಒರೆಸಲು ಬಟ್ಟೆ ತೆಗೆದುಕೊಂಡೆ. "ಕೊಡಿ, ನೀವು ಅತಿಥಿ" ಅಂದಳು. "ಅತಿಥಿ ಅಂದ್ಕೊಂಡು ಕೂತರೆ ನಿಮ್ಮ ಬಟ್ಟಲು ಸವೆದು ಹೋಗುತ್ತೆ" ಅಂದೆ. ಇಬ್ಬರೂ ಒರೆಸಿದೆವು. ಹೊರಡುವಾಗ ಅವಳು ನನ್ನ ಬುಟ್ಟಿಗೆ ಉಪ್ಪು ಹಾಕಿದ ಒಣ ಮೊಸರುಂಡೆ ತುಂಬಿದಳು. ಹಾಡಿನ ಬಗ್ಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ವ್ಯಾನು ಹೊರಟ ಮೇಲೆ ಹಿಂದಿರುಗಿ ನೋಡಿದೆ, ಬೇಲಿಯ ಹತ್ತಿರ ಹಾಗೇ ನಿಂತಿದ್ದಳು.

ಅವಳನ್ನು ಕೆಟ್ಟವಳು ಅಂದುಕೊಳ್ಳಬೇಡ. ನಿಮ್ಮ ನಗೆಚಿತ್ರದ ಅತ್ತೆಯರಂತೆ ಅವಳು ಸೌಟು ಹಿಡಿದು ಓಡಲಿಲ್ಲ. ತನ್ನ ಹತ್ತಿರ ಇದ್ದ ಒಂದೇ ಒಂದು ಬೆಲೆಯ ವಸ್ತುವನ್ನು ಯಾರೋ ಪುಕ್ಕಟೆ ಹಂಚುತ್ತಿದ್ದಾರೆ ಅಂತ ಅವಳಿಗೆ ನೋವು. ಆದ್ದರಿಂದ ಮಾವ ಹರಸಿದರು ಎಂದು ಕುಣಿಯುತ್ತ ಹಾಡನ್ನು ಹಾಗೇ ಒಳಗೆ ಹಾಕಿಬಿಡಬೇಡ. ಹಾಕದೆಯೂ ಇರಬೇಡ. ಮೊದಲು ಅತ್ತೆಗೆ ನೀನೇ ಫೋನ್ ಮಾಡು. ಹಾಡು ಹಾಕಲೇ ಎಂದು ಕೇಳಬೇಡ, ಕೇಳಿದರೆ ಇಲ್ಲ ಅನ್ನುವುದು ಸುಲಭ. ನೀವು ಈ ಮನೆಗೆ ಬಂದ ಹೊಸದರಲ್ಲಿ ಹೇಗಿತ್ತು ಎಂದು ಕೇಳು. ಅವಳನ್ನು ಅದನ್ನು ಯಾರೂ ಕೇಳಿರಲಾರರು, ನನ್ನನ್ನಂತೂ ಯಾರೂ ಕೇಳಲಿಲ್ಲ.

ಇದಿಷ್ಟು ಬೀಗಿತ್ತಿಯಾಗಿ ಹೇಳಿದ್ದು. ಹಾಡು ಕೇಳುವವಳಾಗಿ ನನ್ನ ಅಭಿಪ್ರಾಯ ಬೇರೆ, ಅದನ್ನು ಬೇಕಾದರೆ ಪುಸ್ತಕದಲ್ಲಿ ಅಚ್ಚು ಹಾಕು. ಆರನೇ ಹಾಡು ಶುಮ್ಕಾರ್ ಎಂದೇ ಶುರುವಾಗಬೇಕು. ಢೋಲು ಬೇಡ. ಆರನೆಯದಾಗಿಯೂ ಬೇಡ, ಕೊನೆಗೆ ಇಡು. ಅದು ಮುಗಿದ ಮೇಲೆ ಬೇರೆ ಹಾಡು ಕೇಳುವುದಕ್ಕೆ ಮನಸ್ಸು ಬರುವುದಿಲ್ಲ. ನಾನು ಅನೇಕ ಹಾಡು ಕೇಳಿದ್ದೇನೆ, ಒಳ್ಳೆಯದನ್ನು ಒಳ್ಳೆಯದು ಅನ್ನಲು ನನಗೆ ಹೊಟ್ಟೆಕಿಚ್ಚಿಲ್ಲ. ನಿನ್ನದು ಒಳ್ಳೆಯದು.

ಊಟ ಬಿಡಬೇಡ. ಖಾಲಿ ಹೊಟ್ಟೆಯಲ್ಲಿ ಹಾಡಿದರೆ ದನಿ ತೆಳ್ಳಗಾಗುತ್ತದೆ, ನಿನ್ನ ಅತ್ತೆಯ ಎಂದಿನ ಚಹಾದ ಹಾಗೆ. ಎರ್ಮೆಕ್‌ಗೆ ನನ್ನ ಮುತ್ತು ತಲುಪಿಸು, ಹುಡುಗ ಅಪ್ಪನ ಮುಂದೆ ಬಾಯಿ ಬಿಡದಿದ್ದರೂ ಕೆಲಸಕ್ಕೆ ಬರುತ್ತಾನೆ.

ನಿನ್ನ ಹಾಡಿನ ಮೊದಲ ಕಿವಿ,
ಎನೆ ಜೂರಾಕಾನ್

ಮತ್ತೆ ಬರೆದದ್ದು: ಲಕೋಟೆಗೆ ಅಂಟು ಹಾಕುವಷ್ಟರಲ್ಲಿ ಫೋನು ಬಂತು, ಮಾಮಿರ್ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ, ಹೊಡೆಯಲಿ. ಫೋನು ಮಾಡಿದ್ದು ತಾಜಿಗುಲ್. ಸೊಸೆ ಹೇಗಿದ್ದಾಳೆ, ಹಲ್ಲು ಹೇಗಿದೆ ಎಂದು ಏನೇನೋ ಕೇಳಿ, ಆಮೇಲೆ, "ಬೀಗಿತ್ತಿ, ಆ ಹಳೇ ಹಾಡಲ್ಲಿ ಬೆಟ್ಟ ಕಪ್ಪಾಗುವ ಮೊದಲು ಅಂದ್ಮೇಲೆ ಏನು ಬರುತ್ತೆ?" ಅಂದಳು. ಯಾಕೆ ಅಂದೆ. "ಸುಮ್ನೆ. ಕೊಟ್ಟಿಗೇಲಿದೀನಿ. ಇಲ್ಲಿ ಯಾರೂ ಇಲ್ಲ, ಕುರಿಮರಿ ಬಿಟ್ಟರೆ." ಬಾ, ನನ್ನ ಕೈ ಖಾಲಿ ಇದೆ ಅಂತ ಬರುತ್ತೆ ಅಂದೆ. ಆಮೇಲೆ, "ಹಾಡಿನಲ್ಲಿ ಅದು ಹಕ್ಕಿ ತಾನೆ?" ಅಂದಳು. ಹಕ್ಕಿಯೇ ತಾಯಿ, ಇನ್ನೇನು ಅಂದೆ. ಅವಳು ಹಾಡಿದಳು. ರಾಗ ಇಲ್ಲ, ಏನಿಲ್ಲ. ಮೊದಲ ಸಲ ಹೆಸರನ್ನು ನುಂಗಿಬಿಟ್ಟಳು. ಎರಡನೇ ಸಲ ಪೂರ್ತಿ ಹೊರಗೆ ಬಂತು, ಅವಳೇ ಹೆದರುವಷ್ಟು ಜೋರಾಗಿ. ಆಗ ಗೋಡೆಯ ಆಚೆಯಿಂದ ಗಂಡಸಿನ ದನಿ, "ಓ, ಬಂದೆ" ಅಂತು.